ಅಣ್ಣ ಕೊಟ್ಟ ಖಾಲಿ ಕ್ಯಾಸೆಟ್ಟು

ನನ್ನ ಮೇಜಿನ ಡ್ರಾಯರಿನಲ್ಲಿ ಆರು ಮೂಲೆಯ ಒಂದು ಪೆನ್ಸಿಲ್ಲಿದೆ. ಅದರ ಮೊನೆ ಮುರಿದು ಎಷ್ಟು ಕಾಲವಾಯಿತೋ ನೆನಪಿಲ್ಲ. ಮೊನ್ನೆ ಡ್ರಾಯರನ್ನು ಚೊಕ್ಕಟ ಮಾಡುತ್ತಿದ್ದ ನನ್ನ ಹೆಂಡತಿ ಗಿರಿಜಾ ಅದನ್ನು ಎತ್ತಿ ಹಿಡಿದು, "ಬರಿಯಾಕ ಬರಂಗಿಲ್ಲ, ಒಲಿಗೆ ಹಾಕಿದ್ರ ಒಂದು ಲೋಟ ಚಾ ಸೈತ ಕಾಯಂಗಿಲ್ಲ. ಇದನ್ನ ಯಾಕ ಇಟ್ಕೊಂಡೀರಿ?" ಎಂದು ಕೇಳಿದಳು.

"ಅದು ಬರೆಯುವುದಕ್ಕಲ್ಲ, ಸುತ್ತುವುದಕ್ಕೆ" ಎಂದೆ.

ಮನೆಯಲ್ಲಿ ಒಮ್ಮೆಯಾದರೂ ಕ್ಯಾಸೆಟ್ಟು ಇಟ್ಟುಕೊಂಡಿದ್ದ ಓದುಗರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗಲಾರದು. ಕ್ಯಾಸೆಟ್ಟಿನ ಆ ಎರಡು ಹಲ್ಲಿನ ತೂತುಗಳಿಗಾಗಿಯೇ ಪೆನ್ಸಿಲ್ಲನ್ನು ಆರು ಮೂಲೆಯಾಗಿ ಮಾಡಿದ್ದಾರೆಂದು ನಾನು ಬಹಳ ದಿನ ನಂಬಿದ್ದೆ. ಟೇಪು ಸಡಿಲವಾದರೆ ಬಿಗಿಗೊಳಿಸಲು, ಯಂತ್ರದ ಹೊಟ್ಟೆಯಲ್ಲಿ ಸಿಕ್ಕಿಕೊಂಡು ಮೊಳದುದ್ದ ಹೊರಬಂದರೆ ಮತ್ತೆ ಒಳಗೆಳೆಯಲು, ಬ್ಯಾಟರಿ ಉಳಿಸಲು, ಎಲ್ಲಕ್ಕೂ ಪೆನ್ಸಿಲ್ಲೇ. ನಾನಾದರೋ ಅದನ್ನು ಒಂದೇ ಒಂದು ಕ್ಯಾಸೆಟ್ಟಿಗಾಗಿ, ಆ ಕ್ಯಾಸೆಟ್ಟಿನ ಒಂದೇ ಒಂದು ಜಾಗಕ್ಕಾಗಿ ಇಟ್ಟುಕೊಂಡಿದ್ದೇನೆ. ಅದನ್ನು ಗಿರಿಜೆಗೆ ಹೇಳಲಿಲ್ಲ. ಹೇಳಿದ್ದರೆ, "ಇನ್ನೂ ಮುಗೀಲಿಲ್ಲೇನ್ರಿ ನಿಮ್ಮಿಬ್ಬರ ಪಂಚಾಯ್ತಿ?" ಎನ್ನುತ್ತಿದ್ದಳು.

ಇಬ್ಬರೆಂದರೆ ನಾನು ಮತ್ತು ಎರ್ರಿಸ್ವಾಮಿ. ಅವನು ನನ್ನ ಚಿಕ್ಕಪ್ಪನ ಮಗ, ನನಗಿಂತ ಎರಡು ವರ್ಷ ಚಿಕ್ಕವನು. ಅವನ ತಾಯಿ ಅವನು ನಡೆಯಲು ಕಲಿಯುವ ಮೊದಲೇ ತೀರಿಕೊಂಡುದರಿಂದ ಬಾದನಹಟ್ಟಿಯ ನಮ್ಮ ಮನೆಯಲ್ಲಿಯೇ, ನಮ್ಮ ಅವ್ವನ ಕೈಯಲ್ಲಿಯೇ ಬೆಳೆದ. ಅವನ ಬಗ್ಗೆ ನನಗೆ ಇದ್ದ, ಈಗಲೂ ಇರುವ ಭಾವಕ್ಕೆ ಅಸೂಯೆ ಎಂಬ ಪದವನ್ನು ನಾನು ಕಾಲೇಜಿನಲ್ಲಿ ಕಲಿತೆ. ಅವ್ವ ಅದನ್ನು ಹೊಟ್ಟಿಕಿಚ್ಚು ಎನ್ನುತ್ತಿದ್ದಳು. ಪದವೀಧರನಾದ ಮೇಲೆ ನಾನು ಅಸೂಯೆ ಎಂದೇ ಬರೆಯುತ್ತೇನೆ. ಆದರೆ ಅದು ಉರಿಯುವ ಜಾಗವನ್ನು ಖಚಿತವಾಗಿ ತಿಳಿದಿದ್ದವಳು ಅವ್ವನೇ ಎಂಬುದನ್ನು ಒಪ್ಪಿಕೊಳ್ಳಬೇಕು.

ಅವ್ವ ನಸುಕಿನಲ್ಲಿ ಎದ್ದು ಬೀಸುಕಲ್ಲಿನ ಮುಂದೆ ಕೂರುತ್ತಿದ್ದಳು. ಒಂದು ಕಾಲನ್ನು ಮಡಚಿ, ಇನ್ನೊಂದನ್ನು ಕಲ್ಲಿನ ಪಕ್ಕಕ್ಕೆ ಉದ್ದಕ್ಕೆ ಚಾಚಿ, ಎಡಗೈಯಿಂದ ಹಿಡಿ ಹಿಡಿ ಜೋಳ ಸುರಿಯುತ್ತಾ ಬಲಗೈಯಿಂದ ಗೂಟ ತಿರುಗಿಸುತ್ತಿದ್ದಳು. ನಿದ್ದೆ ಹರಿಯದ ನಾವಿಬ್ಬರೂ ಕೌದಿ ಎಳೆದುಕೊಂಡು ಹೋಗಿ ಆ ಚಾಚಿದ ಕಾಲಿನ ಮೇಲೆ ತಲೆಯಿಡಲು ಜಗಳವಾಡುತ್ತಿದ್ದೆವು. ಮಕ್ಕಳು ಇಬ್ಬರಿದ್ದರೂ ಚಾಚುವ ಕಾಲು ಒಂದೇ. ನಮ್ಮ ಮನೆಯ ಮೂಲ ಸಮಸ್ಯೆ ಅದೇ ಆಗಿತ್ತು. ಕಲ್ಲು ತಿರುಗತೊಡಗಿದರೆ ಹಾಡು ತಾನಾಗಿ ಬರುತ್ತಿತ್ತು. ಬೀಸುವ ಹಾಡಿಗೆ ಒಂದು ಪದ್ಧತಿಯಿದೆ. ಹಾಡಿನ ಕೊನೆಯಲ್ಲಿ ಹೆಂಗಸರು ತಮ್ಮ ಮನೆಯ ಮಗುವಿನ, ಇಲ್ಲವೇ ತವರಿನ ಅಣ್ಣತಮ್ಮಂದಿರ ಹೆಸರನ್ನು ಸೇರಿಸುತ್ತಾರೆ. ಅವ್ವ ತಾನೇ ಕಟ್ಟಿಕೊಂಡಿದ್ದ ಒಂದು ಹಾಡು ಹೀಗಿತ್ತು:

ಕರಿಯ ಹೊಲದಾಗ ಬಿಳಿಜ್ವಾಳ ತೂಗ್ಯಾವ
ಕುರುಗೋಡು ಹಾದಿ ಕಾಣತಾದ, ಆ ಹಾದಿ
ಹಿಡಿದು ಬರುವಾನ ನನ ಕಂದ

ಇದರ ಮುಂದೆ ಒಂದು ದಿನ 'ಮಲ್ಲಣ್ಣ' ಬರುತ್ತಿತ್ತು; ಅದು ನಾನು. ಇನ್ನೊಂದು ದಿನ 'ಎರ್ರಣ್ಣ' ಬರುತ್ತಿತ್ತು. ಯಾವ ದಿನ ಯಾರೆಂಬುದಕ್ಕೆ ನಿಯಮವಿರಲಿಲ್ಲ. ನಿಯಮವಿಲ್ಲದ ವ್ಯವಸ್ಥೆಯಲ್ಲಿ ನನಗೆ ಅಂದಿನಿಂದಲೂ ನೆಮ್ಮದಿಯಿಲ್ಲ. ನಾನು ಕಣ್ಣು ಮುಚ್ಚಿಕೊಂಡು, ನಿದ್ದೆ ಬಂದವನಂತೆ ನಟಿಸುತ್ತಾ, ಆ ಜಾಗ ಬರುವುದನ್ನೇ ಉಸಿರು ಬಿಗಿಹಿಡಿದು ಕಾಯುತ್ತಿದ್ದೆ.

ಒಮ್ಮೆ ಸತತವಾಗಿ ಮೂರು ದಿನ ಎರ್ರಣ್ಣನೇ ಬಂದ. ನಾಲ್ಕನೆಯ ದಿನ ನಾನು ಅಂಗಳದಿಂದ ಒಂದು ಮುಷ್ಟಿ ಮರಳು ತಂದು ಬೀಸಲಿಟ್ಟಿದ್ದ ಜೋಳದ ಮೊರದೊಳಗೆ ಬೆರೆಸಿಬಿಟ್ಟೆ. ಆ ಮಧ್ಯಾಹ್ನ ಇಡೀ ಮನೆ ರೊಟ್ಟಿಯ ಜೊತೆಗೆ ಮರಳು ಕಡಿಯಿತು. ಅವ್ವ ಯಾರನ್ನೂ ವಿಚಾರಿಸಲಿಲ್ಲ. ನೇರವಾಗಿ ನನ್ನ ತಟ್ಟೆಗೆ ಎರಡು ರೊಟ್ಟಿ ಹಾಕಿ, "ಇದು ಹೊಟ್ಟಿಕಿಚ್ಚಿನ ರೊಟ್ಟಿ. ಬೀಸಿದಾಕಿ ನಾನು, ಬೆರಸಿದಾಂವ ನೀನು. ತಿನ್ನು" ಎಂದಳು. ನಾನು ಅಳುತ್ತಾ ಕೂತೆ. ಎರ್ರಿಸ್ವಾಮಿ ಪಕ್ಕಕ್ಕೆ ಸರಿದು ಬಂದು ಒಂದು ರೊಟ್ಟಿಯನ್ನು ತಾನೇ ಎತ್ತಿಕೊಂಡು ಕರಕರ ಕಡಿದು, "ಮರಳು ಹತ್ತಂಗಿಲ್ಲ ಅಣ್ಣಾ, ಚಲೋ ಐತಿ" ಎಂದ. ಹತ್ತುತ್ತಿತ್ತು. ಅವನ ಹಲ್ಲಿನಲ್ಲಿ ಅದು ಸದ್ದು ಮಾಡುವುದು ನನಗೆ ಕೇಳುತ್ತಿತ್ತು. ಅವನ ಆ ಸುಳ್ಳನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು.

ಮುಂದೆ ನಾನು ಬಳ್ಳಾರಿಗೆ ಬಂದು, ಉಚಿತ ವಿದ್ಯಾರ್ಥಿನಿಲಯದಲ್ಲಿದ್ದು ಬಿ.ಎ. ಮುಗಿಸಿದೆ. ನಮ್ಮ ವಂಶದಲ್ಲಿ ಪದವಿ ಪಡೆದವರು ನನಗಿಂತ ಮೊದಲು ಯಾರೂ ಇರಲಿಲ್ಲ. ಹೀಗಿದ್ದವನಿಗೆ ಒಂದು ಭಯ ಸದಾ ಜೊತೆಗಿರುತ್ತದೆ: ಎಲ್ಲಿ ಬಾಯಿತಪ್ಪಿ 'ಐತಿ' ಎಂದುಬಿಡುತ್ತೇನೋ, ಎಲ್ಲಿ 'ಹೋಗಾಕ' ಎಂದುಬಿಡುತ್ತೇನೋ ಎಂದು. ಕಚೇರಿಯಲ್ಲಿ ಗುಮಾಸ್ತನಾದ ಮೇಲೆ ಮನೆಯಲ್ಲಿಯೂ ಪುಸ್ತಕದ ಕನ್ನಡವನ್ನೇ ಆಡತೊಡಗಿದೆ. ಊರಿಗೆ ಹೋದಾಗ ಅವ್ವ ನನ್ನ ಮಾತನ್ನು ತಲೆ ಬಾಗಿಸಿ, ಪುರಾಣ ಕೇಳುವವಳಂತೆ ಕೇಳುತ್ತಿದ್ದಳು. ಅದನ್ನು ನಾನು ಗೌರವವೆಂದು ತಿಳಿದೆ.

ಎರ್ರಿಸ್ವಾಮಿ ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಫೇಲಾಗಿ ಸಿರುಗುಪ್ಪಕ್ಕೆ ಹೋಗಿ, ರೇಡಿಯೋ ರಿಪೇರಿ ಕಲಿತು, ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಗೂಡಂಗಡಿ ತೆರೆದ. ಎಂಬತ್ತರ ದಶಕ ಬರುವ ಹೊತ್ತಿಗೆ ರೇಡಿಯೋ ಹಿಂದೆ ಸರಿದು ಟೇಪ್ ರೆಕಾರ್ಡರ್ ಮುಂದೆ ಬಂದಿತ್ತು. ದೇಶನೂರಿನ ಭತ್ತದ ರೈತರು ಖಾಲಿ ಕ್ಯಾಸೆಟ್ಟು ಹಿಡಿದು ಬಂದು, "ಎರ್ರಿಸ್ವಾಮೀ, ಈ ಕಡಿಗೆ ಬಯಲಾಟದ ಪದ ತುಂಬು, ಆ ಕಡಿಗೆ ತೆಲುಗು ಹಾಡು ತುಂಬು" ಎನ್ನುತ್ತಿದ್ದರು. ಅವರಿಗೆ ಕ್ಯಾಸೆಟ್ಟು ಎಂಬುದು ಚೀಲವಿದ್ದಂತೆ, ಏನನ್ನಾದರೂ ತುಂಬಬಹುದು. ಊರಿನಲ್ಲಿ ಅವನಿಗೆ ಸಿಕ್ಕ ಹೆಸರನ್ನು ನನ್ನ ಪದವಿಪ್ರಮಾಣಪತ್ರ ನನಗೆ ಕೊಡಿಸಲಿಲ್ಲ. ಅವ್ವ ಒಮ್ಮೆ, "ನೀ ಬಿ.ಎ. ಆದಿ, ಭಾಳ ಚಲೋ ಆತಪ್ಪ" ಎಂದು ಹೇಳಿ, ಉಸಿರು ತೆಗೆದುಕೊಳ್ಳದೆಯೇ, "ಎರ್ರಿ ಗೌಡರ ಸತ್ತ ರೇಡಿಯೋನ ಮಾತಾಡಿಸ್ಯಾನ ನೋಡು!" ಎಂದಿದ್ದಳು. ಎರಡು ವಾಕ್ಯಗಳ ನಡುವೆ ಅವಳ ಕಣ್ಣಿನ ಹೊಳಪು ಎಷ್ಟು ಹೆಚ್ಚಿತೆಂಬುದನ್ನು ನಾನು ಅಳೆದಿದ್ದೆ.

ನಾನೂ ಒಂದು ಟೇಪ್ ರೆಕಾರ್ಡರ್ ಕೊಂಡೆ. ಅವ್ವನ ಹಾಡನ್ನು, ಎರ್ರಿಸ್ವಾಮಿಗಿಂತ ಮೊದಲೇ, ಶಾಶ್ವತವಾಗಿ ಮುದ್ರಿಸಿಟ್ಟುಕೊಳ್ಳಬೇಕೆಂಬುದು ಉದ್ದೇಶ. ಇನ್ನೂ ಪ್ರಾಮಾಣಿಕವಾಗಿ ಹೇಳುವುದಾದರೆ, ಆ ಹಾಡಿನ ಕೊನೆಯಲ್ಲಿ ನನ್ನ ಹೆಸರನ್ನು, ಮತ್ತೆಂದೂ ಬದಲಾಗದ ಹಾಗೆ, ಕೂರಿಸಬೇಕೆಂಬುದು ಉದ್ದೇಶ.

ಖಾಲಿ ಕ್ಯಾಸೆಟ್ಟು ಕೊಳ್ಳುವುದೆಂದರೆ ಆಗ ಮೂಟೆಯೊಳಗಿನ ಬೀಜ ಕೊಂಡಂತೆ, ಮೊಳೆಯುವವರೆಗೆ ಗೊತ್ತಾಗುವಂತಿಲ್ಲ. ಅರವತ್ತು ನಿಮಿಷವೆಂದು ಬರೆದಿದ್ದು ನಲವತ್ತಕ್ಕೇ ಟಕ್ಕೆಂದು ನಿಲ್ಲುತ್ತಿತ್ತು. ತೊಂಬತ್ತು ನಿಮಿಷದ್ದರ ಟೇಪು ಈರುಳ್ಳಿಯ ಸಿಪ್ಪೆಗಿಂತ ತೆಳುವಾಗಿ, ಎರಡನೆಯ ಸಲಕ್ಕೇ ಹಿಗ್ಗಿ, ಹಾಡುವವರಿಗೆಲ್ಲ ನೆಗಡಿಯಾದಂತೆ ಕೇಳುತ್ತಿತ್ತು. ಕೆಲವು ಒಂದು ಮಗ್ಗುಲಲ್ಲಿ ಹಾಡಿ ಇನ್ನೊಂದು ಮಗ್ಗುಲಲ್ಲಿ ಅಕ್ಕಿ ಕೇರುತ್ತಿದ್ದವು. ಬಳ್ಳಾರಿಯ ಬೇಸಿಗೆಯಲ್ಲಿ ಕಿಟಕಿಯ ಕಟ್ಟೆಯ ಮೇಲೆ ಮರೆತಿಟ್ಟ ಒಂದು ಕ್ಯಾಸೆಟ್ಟು ಸಂಜೆಯ ಹೊತ್ತಿಗೆ ಹಪ್ಪಳದಂತೆ ಬಾಗಿದ್ದನ್ನು ನಾನೇ ಕಂಡಿದ್ದೇನೆ. ಮಾರುವವನನ್ನು ನಂಬುವ ಹಾಗೂ ಇರಲಿಲ್ಲ. ಕೌಲ್ ಬಜಾರಿನ ಅಂಗಡಿಯೊಂದರಲ್ಲಿ ಒಂದೇ ಬಣ್ಣದ, ಒಂದೇ ಪಟ್ಟೆಯ ಎರಡು ಕ್ಯಾಸೆಟ್ಟುಗಳನ್ನು ನನ್ನ ಮುಂದಿಟ್ಟ ವ್ಯಾಪಾರಿ, "ಸಾರ್, ಇದು ಅಸಲಿ" ಎಂದ.

"ಇನ್ನೊಂದು?"

"ಅದೂ ಅಸಲಿನೇ ಸಾರ್. ಆದ್ರ ಸ್ವಲ್ಪ ಕಮ್ಮಿ ಅಸಲಿ."

ನಾನು ಎರಡನ್ನೂ ಕೊಂಡೆ. ಏಕೆಂದು ಆಗಲೇ ನನಗೆ ತಿಳಿದಿತ್ತು. ಆ ವಾರ ಕಚೇರಿಯ ಕೆಲಸಕ್ಕೆಂದು ಸಿರುಗುಪ್ಪಕ್ಕೆ ಹೋದವನು ಎರ್ರಿಸ್ವಾಮಿಯ ಅಂಗಡಿಗೂ ಹೋಗಿ, ಕಮ್ಮಿ ಅಸಲಿಯನ್ನು ಅವನ ಕೈಗಿಟ್ಟು, "ಬಳ್ಳಾರಿಯಿಂದ ನಿನಗಾಗಿ ತಂದೆ. ಉತ್ತಮ ಗುಣಮಟ್ಟದ್ದು" ಎಂದೆ. ಅವನು ಆ ಹೊತ್ತಿಗೆ ಗಿರಾಕಿಯೊಬ್ಬನಿಗೆ ಪಾಠ ಹೇಳುತ್ತಿದ್ದ: "ಮೂಲಿಗೆ ಸ್ಕ್ರೂ ಅದಾವೋ, ಅಂಟಿಸಿ ಬಿಟ್ಟಾರೋ ನೋಡ್ರಿ. ಅಂಟಿಸಿದ್ದಿದ್ರ ಮುಟ್ಟಬ್ಯಾಡ್ರಿ. ಕಿವಿ ಹತ್ರ ಅಲ್ಲಾಡಸ್ರಿ, ಗಲಗಲ ಅಂದ್ರ ವಾಪಸ್ ಕೊಡ್ರಿ." ನನ್ನ ಕ್ಯಾಸೆಟ್ಟನ್ನು ಅವನು ತಿರುಗಿಸಿ ನೋಡಿದ. ಅದನ್ನು ಅಂಟಿಸಿದ್ದರು. ಕಿವಿಯ ಹತ್ತಿರ ಅಲ್ಲಾಡಿಸಿದ. ಒಂದು ಸಲ ಮೂಸಿದ. ಆಮೇಲೆ ಎರಡೂ ಕಣ್ಣಿಗೆ ಒತ್ತಿಕೊಂಡು, ದೇವರ ಪಟದ ಹಿಂದೆ ಇಟ್ಟು, "ಅಣ್ಣ ಕೊಟ್ಟದ್ದು" ಎಂದು ಗಿರಾಕಿಗೆ ಹೇಳಿದ. ಗೆದ್ದೆನೆಂದುಕೊಂಡು ನಾನು ಬಸ್ಸು ಹತ್ತಿದೆ.

ಅವ್ವನನ್ನು ಬಳ್ಳಾರಿಗೆ ಕರೆಸಿದೆ. ಅಸಲಿ ಕ್ಯಾಸೆಟ್ಟನ್ನು ಯಂತ್ರದೊಳಗಿಟ್ಟು, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಅದರ ಒಳಭಾಗವನ್ನು ಒರೆಸಿ, ಕಿಟಕಿಗಳನ್ನು ಮುಚ್ಚಿ, ಅವ್ವನನ್ನು ಕುರ್ಚಿಯ ಮೇಲೆ ಕೂರಿಸಿದೆ. ಅವಳು ಯಂತ್ರವನ್ನು ನೋಡಿದ ಕೂಡಲೇ ತಲೆಯ ಮೇಲೆ ಸೆರಗು ಎಳೆದುಕೊಂಡಳು.

"ಇದರ ಮುಂದೆ ಸೆರಗೇಕವ್ವ?"

"ಯಾರೋ ಸಾಹೇಬ್ರು ಕೇಳಿದಂಗ ಆಗತೈತಪ್ಪ" ಎಂದಳು.

ಹಾಡು ಶುರು ಮಾಡಿದಳು. ಬೀಸುಕಲ್ಲಿಲ್ಲದ ಕಾರಣ ಬಲಗೈ ತೊಡೆಯ ಮೇಲೆ ತಾನಾಗಿ ಸುತ್ತುತ್ತಿತ್ತು. ಕರಿಯ ಹೊಲ ಬಂತು, ಕುರುಗೋಡು ಹಾದಿ ಬಂತು. 'ಹಿಡಿದು ಬರುವಾನ' ಎಂಬಲ್ಲಿಗೆ ಬಂದಾಗ ನಾನು ಕೈಯೆತ್ತಿ ತಡೆದೆ. ಇದನ್ನು ನಾನು ಏಕೆ ಮಾಡಿದೆನೆಂದು ಈಗ ಎಷ್ಟು ಯೋಚಿಸಿದರೂ ಒಂದೇ ಉತ್ತರ ಹೊಳೆಯುತ್ತದೆ: ಶಾಶ್ವತವಾಗಿ ಉಳಿಯುವುದು ತಪ್ಪಾಗಿ ಉಳಿಯಬಾರದಲ್ಲವೇ?

"ಅವ್ವಾ, 'ಬರುವಾನ' ಅಲ್ಲ, 'ಬರುವನು'. ಸ್ಪಷ್ಟವಾಗಿ ಹೇಳು. ನಾಳೆ ಜನ ಕೇಳುತ್ತಾರೆ."

"ಯಾವ ಜನ?"

ಅವಳು ಸುತ್ತುತ್ತಿದ್ದ ಕೈಯನ್ನು ತೊಡೆಯ ಮೇಲೆ ನಿಲ್ಲಿಸಿದಳು. "ನನಗ ನಿನ್ನಂಗ ಬರಂಗಿಲ್ಲಪ್ಪ. ಮಠದಾಗ ಹೇಳಿಕೊಟ್ಟ ಶಿವನ ಪದ ಹಾಡತೀನಿ, ಅದರಾಗ ತಪ್ಪು ಇರಂಗಿಲ್ಲ" ಎಂದಳು. ಇಪ್ಪತ್ತು ನಿಮಿಷ, ಒಂದಕ್ಷರ ಜಾರದಂತೆ, ಶಾಲೆಯಲ್ಲಿ ಮಗ್ಗಿ ಒಪ್ಪಿಸುವವಳಂತೆ ಹಾಡಿದಳು. ಆ ಕ್ಯಾಸೆಟ್ಟು ಇಂದಿಗೂ ಹೊಸದರಂತಿದೆ. ಎಲ್ಲಿಯೂ ಸರಸರ ಸದ್ದಿಲ್ಲ, ಎಲ್ಲಿಯೂ ಧ್ವನಿ ಕುಗ್ಗುವುದಿಲ್ಲ. 'ಬರುವನು' ಎಂದು ತಿದ್ದುವ ನನ್ನ ಧ್ವನಿಯಂತೂ ಗಾಜಿನಷ್ಟು ಸ್ವಚ್ಛವಾಗಿದೆ. ಕೊನೆಯಲ್ಲಿ ಅವಳು, "ಸಾಕೇನಪ್ಪ? ತಪ್ಪಾಗಿಲ್ಲಲ್ಲ?" ಎಂದು ಕೇಳುವುದೂ ಅದರಲ್ಲಿದೆ. ಅದರಲ್ಲಿ ಇಲ್ಲದಿರುವುದು ನನ್ನ ಹೆಸರೊಂದೇ.

ಕೆಲವು ತಿಂಗಳ ನಂತರ ಊರಿಗೆ ಹೋದಾಗ ಅವ್ವ ರೊಟ್ಟಿ ಬಡಿಯುತ್ತಾ ಹೇಳಿದಳು: "ಎರ್ರಿ ಬಂದಿದ್ದ ನೋಡು. ನಾ ಬೀಸಾಕ ಹತ್ತಿದ್ದೆ. ಆ ಟೇಪಿನ ಡಬ್ಬಿ ಕಲ್ಲಿನ ಮಗ್ಗಲಕ್ಕಿಟ್ಟು, ನನ್ನ ಕಾಲ ಮ್ಯಾಲೆ ತಲಿ ಇಟ್ಕೊಂಡು ಮಲಗಿಬಿಟ್ಟ, ಸಣ್ಣ ಹುಡುಗರಂಗ. 'ಏಳಲೇ, ಮೂರು ಮಕ್ಕಳ ಅಪ್ಪ ಆಗಿ' ಅಂದೆ. ನಕ್ಕೆವು, ಹಾಡಿದೆ. ಡಬ್ಬಿ ಇತ್ತನ್ನೂದ ಮರತೆ."

ನನ್ನ ಕೈಯಲ್ಲಿದ್ದ ರೊಟ್ಟಿ ಹಾಗೆಯೇ ಉಳಿಯಿತು. "ಕರಿಯ ಹೊಲದ ಹಾಡು ಹಾಡಿದೆಯಾ?"

"ಹಾಡದ ಇರತೀನೇನು?"

"ಹೆಸರು ಹಾಕಿದೆಯಾ?"

"ಹೆಸರು ಹಾಕದ ಕಲ್ಲು ತಿರಗತೈತೇನಪ್ಪ?"

"ಯಾರದು?"

ಅವ್ವ ಹಿಟ್ಟಿನ ಕೈಯಲ್ಲಿಯೇ ಬಾಯಿ ಮುಚ್ಚಿಕೊಂಡು ನಕ್ಕಳು. "ತಲಿಯಾಗ ಬಿಳಿಕೂದ್ಲ ಬಂದಾವ. ಮುಷ್ಟ್ಯಾಗ ಇನ್ನೂ ಮರಳು ಐತೇನಲೇ?" ಎಂದಳು. ಪದವೀಧರನಾದ ಮೇಲೆ ಅವಳು ನನ್ನನ್ನು 'ಲೇ' ಎಂದದ್ದು ಅದೊಂದೇ ಸಲ. ನಾನು ಅದಕ್ಕೆ ಸಂತೋಷಪಡಬೇಕಿತ್ತು. ಮುಖ ಬಿಗಿದುಕೊಂಡು ಎದ್ದು ಕೈ ತೊಳೆದೆ.

ಎರ್ರಿಸ್ವಾಮಿಯ ಅಂಗಡಿಗೆ ಹೋಗಿ, "ಹಾಕಪ್ಪ, ಕೇಳೋಣ" ಎಂದರೆ ಮುಗಿಯುತ್ತಿತ್ತು. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಒಂದೇ ಬಸ್ಸು. ಆದರೆ ಅವನ ಮುಂದೆ ನಿಂತು ಅವ್ವನ ಹಾಡನ್ನು ಬೇಡಿ ಕೇಳುವುದೆಂದರೆ! ಎರಡು ವರ್ಷ ಹೋಗಲಿಲ್ಲ. ಅಷ್ಟರಲ್ಲಿ ಅವ್ವ, ಮೂರು ದಿನದ ಜ್ವರದಲ್ಲಿ, ಶಿವನ ಪಾದ ಸೇರಿದಳು.

ಕಾರ್ಯಗಳೆಲ್ಲ ಮುಗಿದ ಮೇಲೆ, ಒಂದು ಮಧ್ಯಾಹ್ನ, ಸಿರುಗುಪ್ಪದಲ್ಲಿ ಬಸ್ಸಿಳಿದೆ. ಎರ್ರಿಸ್ವಾಮಿ ಏನನ್ನೂ ಕೇಳದೆ ಅಂಗಡಿಯ ಅರ್ಧ ಬಾಗಿಲು ಎಳೆದು, ದೇವರ ಪಟದ ಹಿಂದಿನಿಂದ ಒಂದು ಕ್ಯಾಸೆಟ್ಟು ತೆಗೆದ. ಅದು ನಾನು ಕೊಟ್ಟದ್ದು. ಅಳಿಸಿ ಬೇರೆ ಏನನ್ನೂ ತುಂಬಲಾಗದಂತೆ ಅದರ ಬೆನ್ನಿನ ಎರಡೂ ಚಿಕ್ಕ ಹಲ್ಲುಗಳನ್ನು ಅವನು ಮುರಿದುಹಾಕಿದ್ದ.

ಕಲ್ಲಿನ ಸದ್ದು ಬಂತು. ಅದರ ಹಿಂದೆ ಅವ್ವ ಬಂದಳು. ಅಡವಿಗೆ ಬೆಂಕಿ ಬಿದ್ದಂತೆ ಚಟಪಟ ಸದ್ದು. ಅದರೊಳಗೆ ನಗು, ಬಳೆ, "ಏಳಲೇ", ಕೆಮ್ಮು, ಮತ್ತೆ ನಗು. ನನ್ನ ಮನೆಯ ಕುರ್ಚಿಯ ಮೇಲೆ ಕೂತು ಹಾಡಿದವಳು ಇವಳಲ್ಲ. ಇವಳನ್ನು ನಾನು ಮೂವತ್ತು ವರ್ಷದಿಂದ ಕಂಡಿರಲಿಲ್ಲ. ಕರಿಯ ಹೊಲದಾಗ ಬಿಳಿಜ್ವಾಳ ತೂಗ್ಯಾವ. ನನಗೆ ಅರಿವಿಲ್ಲದೆಯೇ ಕಣ್ಣು ಮುಚ್ಚಿತು, ಉಸಿರು ಬಿಗಿಯಾಯಿತು. ಕುರುಗೋಡು ಹಾದಿ ಕಾಣತಾದ, ಆ ಹಾದಿ ಹಿಡಿದು ಬರುವಾನ ನನ ಕಂದ...

ಏನೂ ಇಲ್ಲ. ಒಂದು ಉಸಿರಿನಷ್ಟು ಹೊತ್ತು, ಯಾರೋ ಬಾಯಿಗೆ ಕೈಯಿಟ್ಟಂತೆ, ಕಲ್ಲಿನ ಸದ್ದೂ ಇಲ್ಲ. ಆಮೇಲೆ ಅವ್ವ ಮುಂದಿನ ಹಾಡಿನಲ್ಲಿದ್ದಳು.

ಅವನು ಹಿಂದಕ್ಕೆ ಸುತ್ತಿದ. ಮತ್ತೆ ಹಾಕಿದ. ಮತ್ತೆ ಅದೇ. ಕಿಟಕಿಯ ಬೆಳಕಿಗೆ ಟೇಪನ್ನು ಹಿಡಿದು ತೋರಿಸಿದ: ಕಂದುಬಣ್ಣದ ಲೇಪ ಅಲ್ಲಿ ಉದುರಿ, ಬೆರಳುದ್ದ ಬರಿಯ ಪ್ಲಾಸ್ಟಿಕ್ಕು ಉಳಿದಿತ್ತು.

"ಮೊದಲ ಚಲೋನ ಇತ್ತಣ್ಣ. ಎರಡು ಬ್ಯಾಸಗಿ ಆತಲ್ಲ, ಉದುರಿಬಿಟ್ಟೈತಿ" ಎಂದ.

"ಬೇರೆ ಕ್ಯಾಸೆಟ್ಟಿಗೆ ಇಳಿಸಿಕೊಳ್ಳಬೇಕಿತ್ತಲ್ಲವೋ! ನಿನ್ನ ಕಸುಬೇ ಅದು."

"ನೀ ಬಂದು ಕೇಳಿದ ಮ್ಯಾಲೆ ಇಳಿಸಿದ್ರಾತು ಅಂತ ಇಟ್ಟಿದ್ದೆ. ಇವತ್ತ ಬರತಿ, ನಾಳಿಗೆ ಬರತಿ ಅಂತ."

ಗೋಡೆಯ ತುಂಬ ಸ್ಕ್ರೂ ಹಾಕಿದ, ಗಲಗಲ ಎನ್ನದ ಕ್ಯಾಸೆಟ್ಟುಗಳ ಸಾಲು ಇತ್ತು. ನನಗೆ ಸಿಟ್ಟು ಬಂತು. "ಇಷ್ಟೆಲ್ಲ ಒಳ್ಳೆಯವು ಇರುವಾಗ ಅವ್ವನ ಹಾಡಿಗೆ ಇದೇ ಬೇಕಿತ್ತೇ? ಇದು ಕಳಪೆಯೆಂದು ನಿನಗೆ ಗೊತ್ತಾಗಲಿಲ್ಲವೇ?"

"ಮೂಸಿದಾಗ ಗೊತ್ತಾತಣ್ಣ."

"ಮತ್ತೆ?"

ಅವನು ಕ್ಯಾಸೆಟ್ಟನ್ನು ಅಂಗಿಯ ತುದಿಯಿಂದ ಒರೆಸಿದ. "ನೀ ನನಗಂತ ತಂದು ಕೊಟ್ಟದ್ದು ಇದೊಂದ. ದೊಡ್ಡವ್ವನ ಹಾಡು ಇದರಾಗ ಇರಲಿ ಅನಿಸ್ತು."

ನಾನು ಬೀದಿಯ ಕಡೆಗೆ ಮುಖ ತಿರುಗಿಸಿದೆ. ಆದರೂ ಓದುಗರೇ, ಆ ಸ್ಥಿತಿಯಲ್ಲಿಯೂ ನನ್ನ ಬಾಯಿಂದ ಹೊರಟದ್ದು ಕ್ಷಮೆಯ ಮಾತಲ್ಲ. "ಅಲ್ಲಿ ಯಾರ ಹೆಸರಿತ್ತು?" ಎಂದು ಕೇಳಿದೆ.

"ನಿಂದ ಅಣ್ಣಾ. ಮಲ್ಲಣ್ಣ ಅಂದ್ಲು" ಎಂದ, ಒಂದು ಕ್ಷಣವೂ ತಡವಿಲ್ಲದೆ. ಮರಳು ಹತ್ತಂಗಿಲ್ಲ ಅಣ್ಣಾ, ಚಲೋ ಐತಿ ಎಂದಾಗಲೂ ಅವನು ತಡಮಾಡಿರಲಿಲ್ಲ.

ಕ್ಯಾಸೆಟ್ಟನ್ನು ನನ್ನ ಜೇಬಿಗೇ ಹಾಕಿದ. "ನಿನಗೆ ಬೇಡವೇ?" ಎಂದೆ.

"ನನಗ್ಯಾಕ? ನಾ ಅಲ್ಲೇ ಮಲಗಿ ಕೇಳೀನಲ್ಲ."

ಛಂದಸ್ಸು ಓದಿದವನು ನಾನು. ಆ ಖಾಲಿ ಜಾಗಕ್ಕೆ ಯಾವ ಹೆಸರು ಹೊಂದುತ್ತದೆಂದು ಮಾತ್ರೆಯೆಣಿಸಿ ತೀರ್ಮಾನಿಸಲು ಹೊರಟೆ. ಮಲ್ಲಣ್ಣ, ಎರ್ರಣ್ಣ: ಎರಡಕ್ಕೂ ಎರಡು ಗುರು, ಒಂದು ಲಘು. ಶಾಸ್ತ್ರವೂ ನನ್ನ ಪರವಾಗಿ ನಿಲ್ಲಲಿಲ್ಲ.

ಯಂತ್ರದಲ್ಲಿ ಹಿಂದಕ್ಕೆ ಓಡಿಸಿದರೆ ಉಳಿದ ಲೇಪವೂ ಉದುರೀತೆಂಬ ಹೆದರಿಕೆಯಿಂದ ಆ ಕ್ಯಾಸೆಟ್ಟನ್ನು ಈ ಪೆನ್ಸಿಲ್ಲಿನಿಂದಲೇ ಸುತ್ತುತ್ತೇನೆ. ಮೊನ್ನೆಯೂ, ಗಿರಿಜಾ ಒಳಗೆ ಹೋದ ಮೇಲೆ, ಹನ್ನೊಂದು ಸುತ್ತು ಹಿಂದಕ್ಕೆ ಸುತ್ತಿ ಹಾಕಿದೆ. ಅವ್ವ ಕುರುಗೋಡು ಹಾದಿಯಲ್ಲಿ ಕಂದನನ್ನು ಕರೆತಂದಳು. ಆ ಒಂದು ಉಸಿರಿನ ಮೌನ ಬಂದಾಗ, ಎಂದಿನಂತೆ, ನಾನೇ ಮೆಲ್ಲಗೆ 'ಮಲ್ಲಣ್ಣ' ಎಂದೆ. ಸರಿಯಾಗಿ ಕೂತಿತು. ಮತ್ತೆ ಹನ್ನೊಂದು ಸುತ್ತು ಸುತ್ತಿ, ಈ ಸಲ, ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ, 'ಎರ್ರಣ್ಣ' ಎಂದು ನೋಡಿದೆ.

ಅಷ್ಟು ಚೆನ್ನಾಗಿ ಹೊಂದಬಾರದಿತ್ತು.